ಕ್ಯಾಮೆರಾ ಇತ್ತು, ಸಾಕ್ಷ್ಯ ಇರಲಿಲ್ಲ

ಸ್ಕೂಟರ್ ಕಳವಾಯಿತು, ಪಕ್ಕದವರು ಕಾಂಪೌಂಡ್ ಒಡೆದರು, ದಾಯಾದಿಗಳು ಬಂದು ಗಲಾಟೆ ಮಾಡಿದರು ಎಂದು ಬರುವ ಕಕ್ಷಿದಾರರು ಈಗೀಗ ಕೂರುವ ಮೊದಲೇ ಫೋನ್ ತೆಗೆಯುತ್ತಾರೆ. "ಸಾರ್, ಎಲ್ಲಾ ರೆಕಾರ್ಡ್ ಆಗಿದೆ." ತೋರಿಸುವುದು ವಾಟ್ಸಾಪ್‌ನಲ್ಲಿ ಮಗ ಕಳಿಸಿದ ಚಿಕ್ಕ ತುಣುಕು. ಮೂಲ ಎಲ್ಲಿದೆ ಎಂದರೆ ಗಂಡ-ಹೆಂಡತಿ ಮುಖ ಮುಖ ನೋಡಿಕೊಳ್ಳುತ್ತಾರೆ. ಅಷ್ಟು ಹೊತ್ತಿಗೆ ಕ್ಯಾಮೆರಾದ ರೆಕಾರ್ಡಿಂಗ್ ಪೆಟ್ಟಿಗೆ, ಅಂದರೆ ಡಿವಿಆರ್, ಅದನ್ನು ಅಳಿಸಿ ಹೊಸದನ್ನು ಬರೆದುಕೊಂಡಿರುತ್ತದೆ.

ಸ್ವಂತ ಮನೆಗೆ ಕ್ಯಾಮೆರಾ ಹಾಕಿಸಲು ಠಾಣೆಯ ಅನುಮತಿಯೂ ಬೇಡ, ಪಾಲಿಕೆಯ ಅನುಮತಿಯೂ ಬೇಡ. 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾಯ್ದೆ ಕ್ಯಾಮೆರಾ ಕಡ್ಡಾಯ ಮಾಡಿರುವುದು ಜನ ಸೇರುವ ಸಂಸ್ಥೆಗಳಿಗೆ. "ಪರ್ಮಿಷನ್ ಮಾಡಿಸಿಕೊಡ್ತೀನಿ" ಎಂದು ದುಡ್ಡು ಕೇಳುವವನನ್ನು ಗೇಟಿನಿಂದಲೇ ಕಳಿಸಿ. ಆದರೆ ಮನೆ ನಿಮ್ಮೊಬ್ಬರದೇ ಆಗಿರಬೇಕು. ಅಣ್ಣ-ತಮ್ಮ ಒಟ್ಟಿಗಿರುವ ಮನೆಯಲ್ಲಿ ಒಬ್ಬರ ಒಪ್ಪಿಗೆಯಿಲ್ಲದೆ ಅವರು ವಾಸಿಸುವ ಭಾಗದಲ್ಲಿ ಕ್ಯಾಮೆರಾ ಇಡುವಂತಿಲ್ಲ ಎಂದು ಕಲ್ಕತ್ತಾ ಹೈಕೋರ್ಟ್ ಹೇಳಿತು. 2025ರಲ್ಲಿ ಸುಪ್ರೀಂ ಕೋರ್ಟ್ ಅದರಲ್ಲಿ ಕೈಹಾಕಲಿಲ್ಲ. ಪಕ್ಕದ ಮನೆಯ ಬಚ್ಚಲ ಕಿಟಕಿಗೋ ಮಲಗುವ ಕೋಣೆಗೋ ಮುಖ ಮಾಡಿದ ಕ್ಯಾಮೆರಾ ಇನ್ನೂ ದೊಡ್ಡ ತಲೆನೋವು. ಮಹಿಳೆಯ ಖಾಸಗಿ ಕ್ಷಣ ಸೆರೆಯಾದರೆ ಭಾರತೀಯ ನ್ಯಾಯ ಸಂಹಿತೆಯ ಕಲಂ 77ರಡಿ ಮೊದಲ ಅಪರಾಧಕ್ಕೇ ಒಂದರಿಂದ ಮೂರು ವರ್ಷ ಜೈಲು. ಗೇಟು, ಬಾಗಿಲು, ಮೆಟ್ಟಿಲು, ಗಾಡಿ ನಿಲ್ಲಿಸುವ ಜಾಗ ಕಂಡರೆ ಸಾಕು.

ಇನ್ನು ಜನ ಬೀಳುವ ಗುಂಡಿಗೆ ಬರೋಣ. ಹಾಕಿಸುವಾಗ ಎಲ್ಲರೂ ಮೆಗಾಪಿಕ್ಸೆಲ್ ಕೇಳುತ್ತಾರೆ, ರೆಕಾರ್ಡಿಂಗ್ ಎಷ್ಟು ದಿನ ಉಳಿಯುತ್ತದೆ ಎಂದು ಕೇಳುವವರಿಲ್ಲ. ನಾಲ್ಕು ಕ್ಯಾಮೆರಾ ತಲಾ 2 ಎಂಬಿಪಿಎಸ್‌ನಲ್ಲಿ ಹಗಲೂ ರಾತ್ರಿ ಓಡಿದರೆ ದಿನಕ್ಕೆ ಸುಮಾರು 86 ಜಿಬಿ. 1 ಟಿಬಿ ಡಿಸ್ಕ್ ಹನ್ನೊಂದು ಹನ್ನೆರಡು ದಿನಕ್ಕೆ ತುಂಬಿ, ಹಳೆಯದನ್ನು ಅಳಿಸತೊಡಗುತ್ತದೆ. ನೀವು ದೂರು ಹಿಡಿದು ಠಾಣೆಗೆ ಹೋದರೆ "ಸಾಹೇಬ್ರು ಬಂದೋಬಸ್ತ್‌ಗೆ ಹೋಗಿದಾರೆ, ಸೋಮವಾರ ಬನ್ನಿ" ಎನ್ನುತ್ತಾರೆ. ಸೋಮವಾರ ಹೋದರೆ ಬರೆದುಕೊಳ್ಳುವವರು ರಜೆ. ಹೀಗೆ ನಾಲ್ಕು ಸಲ ಅಲೆಯುವಷ್ಟರಲ್ಲಿ ಕಳ್ಳನ ಮುಖ ತಾನಾಗಿಯೇ ಅಳಿದಿರುತ್ತದೆ. ಇದು ಠಾಣೆಯವರಿಗೆ ಗೊತ್ತಿಲ್ಲದ ಸಂಗತಿಯೇನಲ್ಲ.

ಆದ್ದರಿಂದ ಘಟನೆಯಾದ ದಿನವೇ ಹಿಂದುಮುಂದಿನ ಒಂದೊಂದು ಗಂಟೆ ಸೇರಿಸಿ ಹೊಸ ಪೆನ್‌ಡ್ರೈವ್‌ಗೆ ಎಕ್ಸ್‌ಪೋರ್ಟ್ ಮಾಡಿಸಿ. ವಾಟ್ಸಾಪ್ ವಿಡಿಯೊವನ್ನು ಕುಗ್ಗಿಸುತ್ತದೆ. ಕುಗ್ಗಿದ ಮೇಲೆ ಅದರ ಹ್ಯಾಶ್, ಅಂದರೆ ಕಡತದ ಡಿಜಿಟಲ್ ಬೆರಳಚ್ಚು, ಮೂಲದ್ದಕ್ಕೆ ತಾಳೆಯಾಗದು. ಪೆನ್‌ಡ್ರೈವ್ ಆಯಿತೆಂದು ಡಿವಿಆರ್ ಮಾರಬೇಡಿ, ಫಾರ್ಮ್ಯಾಟ್ ಮಾಡಿಸಬೇಡಿ. ಆಗುವುದಾದರೆ ಡಿಸ್ಕನ್ನೇ ಬಿಚ್ಚಿಸಿ ಎತ್ತಿಟ್ಟು ಬೇರೆ ಡಿಸ್ಕ್ ಹಾಕಿಸಿ. ಡಿವಿಆರ್‌ನ ಗಡಿಯಾರವನ್ನೂ ನೋಡಿ. ಒಳಗಿನ ಬಟನ್ ಸೆಲ್ ಸತ್ತರೆ ಕರೆಂಟ್ ಹೋಗಿ ಬಂದಾಗಲೆಲ್ಲ ತಾರೀಕು 2000ಕ್ಕೆ ಓಡುತ್ತದೆ. ಪಾಟೀ ಸವಾಲಿನಲ್ಲಿ ಎದುರು ವಕೀಲರಿಗೆ ಅಷ್ಟು ಸಾಕು.

ನ್ಯಾಯಾಲಯಕ್ಕೆ ಪ್ರತಿ ಕೊಡುವಾಗ ಪ್ರಮಾಣಪತ್ರವೂ ಬೇಕು. 2024ರ ಜುಲೈ 1ರಿಂದ ಹಳೆಯ ಸಾಕ್ಷ್ಯ ಕಾಯ್ದೆಯ ಕಲಂ 65ಬಿ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63 ಬಂದಿದೆ. ನಮೂನೆಯಲ್ಲಿ ಎರಡು ಭಾಗ: ಮೊದಲನೆಯದನ್ನು ಸಾಧನ ಯಾರ ಸುಪರ್ದಿಯಲ್ಲಿತ್ತೋ ಅವರು, ಎರಡನೆಯದನ್ನು ತಜ್ಞರು ತುಂಬಬೇಕು, ಎರಡರಲ್ಲೂ ಹ್ಯಾಶ್ ಮೌಲ್ಯ ಬರೆಯಬೇಕು. ಕೋರ್ಟಿನ ಎದುರಿನ ಅಂಗಡಿಗಳಲ್ಲಿ ಇಂದಿಗೂ 65ಬಿ ಎಂದು ಅಚ್ಚು ಹಾಕಿದ ಹಾಳೆಗೆ ಹೆಸರು ತುಂಬಿಸಿ ಕೊಡುವ ಪುಣ್ಯಾತ್ಮರಿದ್ದಾರೆ. ಆ ಹಾಳೆಗೆ ದುಡ್ಡು ಕೊಡಬೇಡಿ. ಮೂಲ ಡಿವಿಆರನ್ನೇ ತಂದು ಮಾಲೀಕರೇ ಸಾಕ್ಷಿ ನುಡಿದರೆ ಪ್ರಮಾಣಪತ್ರ ಬೇಕಿಲ್ಲ ಎಂದು ಸುಪ್ರೀಂ ಕೋರ್ಟಿನ 2020ರ ಅರ್ಜುನ್ ಪಂಡಿತ್‌ರಾವ್ ತೀರ್ಪು ಹಳೆಯ ಕಾಯ್ದೆಯಡಿ ಹೇಳಿತ್ತು. ಅದನ್ನೇ ನಂಬಿ ಕೂರಬೇಡಿ, ಪ್ರಮಾಣಪತ್ರ ಮಾಡಿಸಿಡಿ.

ದೂರನ್ನು ಬರಹದಲ್ಲೇ ಕೊಡಿ, "ದೃಶ್ಯ ಇಂತಿಂಥ ದಿನದೊಳಗೆ ಅಳಿಯುತ್ತದೆ" ಎಂಬ ಸಾಲು ಸೇರಿಸಿ, ಸ್ವೀಕೃತಿ ಪಡೆಯಿರಿ. ಎಫ್‌ಐಆರ್ ಪ್ರತಿ ಉಚಿತ. ದಾಖಲಿಸದಿದ್ದರೆ ಎಸ್‌ಪಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್. ದೃಶ್ಯ ಎದುರಂಗಡಿಯ ಕ್ಯಾಮೆರಾದಲ್ಲಿದ್ದರೆ ಅಂಗಡಿಯವರು ನಿಮಗೆ ಕೊಡಲೇಬೇಕೆಂದಿಲ್ಲ. ಅಳಿಸದೆ ಇಟ್ಟುಕೊಳ್ಳಿ ಎಂದು ಅವತ್ತೇ ಚೀಟಿ ಬರೆದುಕೊಟ್ಟು ಸಹಿ ತೆಗೆದುಕೊಳ್ಳಿ, ಅದರ ಪ್ರತಿಯನ್ನು ದೂರಿಗೆ ಲಗತ್ತಿಸಿ. ನೋಟಿಸ್ ಕೊಟ್ಟು ತರಿಸುವ ಅಧಿಕಾರ ಪೊಲೀಸರಿಗಿದೆ.

ಕಾನ್‌ಸ್ಟೇಬಲ್ ಬಂದು "ಡಿವಿಆರ್ ಕೊಡಿ, ನೋಡಿ ಕೊಡ್ತೀವಿ" ಎಂದರೆ ಬಾಯಿಮಾತಿಗೇ ಒಪ್ಪಿಸಬೇಡಿ. ಜಪ್ತಿ ಮಹಜರು ಬರೆಯಲಿ, ಸೀರಿಯಲ್ ನಂಬರ್ ಅದರಲ್ಲಿರಲಿ, ಪ್ರತಿ ನಿಮಗಿರಲಿ. ಈಗ ಜಪ್ತಿಯನ್ನು ವಿಡಿಯೊ ಮಾಡುವುದೂ ಅವರ ಕರ್ತವ್ಯ. ಆಮೇಲೆ ಬಿಡಿಸಿಕೊಳ್ಳಲು ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಬೇಕಾಗುತ್ತದೆ, ಅಲ್ಲಿ ಅದು ನಿಮ್ಮದೇ ಎನ್ನುವುದಕ್ಕೆ ದಾಖಲೆ ಕೇಳುತ್ತಾರೆ. "ಬಿಲ್ ಬೇಡ ಅಂದ್ರೆ ಸಾವಿರ ಕಮ್ಮಿ ಮಾಡ್ತೀನಿ" ಎಂದ ಕ್ಯಾಮೆರಾ ಹಾಕುವ ಹುಡುಗನ ಮಾತು ಕೇಳಿದವರು ಆಗ ಅವನ ಫೋನ್ ನಂಬರ್ ಹುಡುಕುತ್ತಿರುತ್ತಾರೆ.