ಊರ ಕೆರೆ ಎಷ್ಟು ದಿನ ಬಾಳೀತು?

ಮಕ್ಕಳೇ, ಸವದತ್ತಿ ಬಳಿಯ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಇದೆಯಲ್ಲ, ಅದರ ಕಾಲುವೆ ನರಗುಂದ, ರೋಣದ ಕಡೆ ಬರುತ್ತದೆ. ಆದರೆ ಕಾಲುವೆಯಲ್ಲಿ ವರ್ಷವಿಡೀ ನೀರಿರದು. ದಾಹ ಮಾತ್ರ ದಿನವೂ ಇರುತ್ತದೆ! ಹರಿಯುವಾಗಲೇ ತುಂಬಿಟ್ಟುಕೊಳ್ಳಲು ಊರಿಗೊಂದು ಕೆರೆ ಬೇಕು.

ಎಷ್ಟು ದೊಡ್ಡದು? ಲೆಕ್ಕ ಹಾಕೋಣ. 100 ಮೀಟರ್ ಉದ್ದ, 100 ಮೀಟರ್ ಅಗಲ, 3 ಮೀಟರ್ ಆಳದ ಕೆರೆ 3 ಕೋಟಿ ಲೀಟರ್ ಹಿಡಿಯುತ್ತದೆ. 2011ರ ಜನಗಣತಿಯಂತೆ ರೋಣದಲ್ಲಿ ಸುಮಾರು 23 ಸಾವಿರ ಜನ. ತಲೆಗೆ 100 ಲೀಟರ್ ಎಂದರೆ ದಿನಕ್ಕೆ 23 ಲಕ್ಷ ಲೀಟರ್. 13 ದಿನಕ್ಕೇ ಕೆರೆ ಖಾಲಿ!

ಬಿಸಿಲೂ ನೀರು ಕುಡಿಯುತ್ತದೆ. ದಿನಕ್ಕೆ 5 ಮಿಲಿಮೀಟರ್ ಆವಿಯಾದರೂ 50 ಸಾವಿರ ಲೀಟರ್ ಹೋಯಿತು, ಅಂದರೆ 500 ಜನರ ಪಾಲು. ಆವಿ ಏಳುವುದು ನೀರಿನ ಮೇಲ್ಮೈಯಿಂದ. ಹಾಗಾಗಿ ಅಗಲಕ್ಕಿಂತ ಆಳ ಹೆಚ್ಚಿಸುವುದೇ ಜಾಣತನ.

ಗಜೇಂದ್ರಗಡದಲ್ಲಿ ಆಗ ಸುಮಾರು 32 ಸಾವಿರ ಜನ. ಇದೇ ಕೆರೆ ಅವರಿಗೆ ಎಷ್ಟು ದಿನ ಬಂದೀತು? ಭಾಗಿಸಿ ನೋಡಿ.