ಮಿಂಚು, ಗುಡುಗು, ಸಿಡಿಲು



ಇಂಗ್ಲಿಷಿನಲ್ಲಿ ಹೊಳೆದದ್ದಕ್ಕೂ ಬಡಿದದ್ದಕ್ಕೂ ‘ಲೈಟ್ನಿಂಗ್’ ಎಂಬ ಒಂದೇ ಮಾತು ನಡೆಯುತ್ತದೆ. ನಮ್ಮ ಹಿರಿಯರು ಬೇರ್ಪಡಿಸಿ ಹೇಳಿದರು: ಕಣ್ಣಿಗೆ ಕಂಡದ್ದು ಮಿಂಚು, ಕಿವಿಗೆ ಕೇಳಿದ್ದು ಗುಡುಗು, ನೆಲಕ್ಕೆ ಎರಗಿದ್ದು ಸಿಡಿಲು. ಗೆರೆಯಂತೆ ಹೊಳೆದರೆ ಕೋಲ್ಮಿಂಚು. ತೆಂಗಿನ ಮರಕ್ಕೆ ‘ಸಿಡಿಲು ಬಡಿಯಿತು’ ಎನ್ನುತ್ತೇವೆಯೇ ಹೊರತು ‘ಮಿಂಚು ಬಡಿಯಿತು’ ಎನ್ನುವುದಿಲ್ಲ.

ಹೆಸರು ಮೂರಾದರೂ ಮೂಲ ಒಂದೇ ವಿದ್ಯುತ್ತು. ಅದು ಹಾಯ್ದ ದಾರಿಯ ಗಾಳಿ ಥಟ್ಟನೆ ಕಾದು ಹಿಗ್ಗುವುದರಿಂದ ಗುಡುಗು ಹುಟ್ಟುತ್ತದೆ. ಬೆಳಕು ಒಡನೆ ಕಾಣುತ್ತದೆ. ಶಬ್ದ 1 ಕಿ.ಮೀ. ಸಾಗಲು ಸುಮಾರು 3 ಸೆಕೆಂಡು ಬೇಕು. ಮಿಂಚಿದ 9 ಸೆಕೆಂಡಿಗೆ ಗುಡುಗಿದರೆ ಅದು 3 ಕಿ.ಮೀ. ದೂರದ್ದು. ಮುಂದಿನದು ನಮ್ಮ ತೋಟಕ್ಕೇ ಎರಗಬಹುದು. ಮಳೆ ಬೀಳದ ಕಡೆಯೂ ಸಿಡಿಲು ಬಡಿಯುತ್ತದೆ. ಆದ್ದರಿಂದ ಗುಡುಗು ಕೇಳಿಸಿತೆಂದರೆ ಸಿಡಿಲಿನ ಅಳವಿನಲ್ಲಿದ್ದೇವೆ ಎಂದೇ ತಿಳಿಯಬೇಕು.

ಚನ್ನಗಿರಿ, ಹೊನ್ನಾಳಿ, ನ್ಯಾಮತಿಯ ಅಡಿಕೆ ತೋಟಗಳಲ್ಲಿ ಹಿಂಗಾರಿನ ಗುಡುಗು ಕೊಯ್ಲಿನ ಕಾಲಕ್ಕೇ ಬರುತ್ತದೆ. ಆಗ ಮರವೇರಿದವರನ್ನು ಇಳಿಸಿ, ದೋಟಿ ಕೆಳಗಿಡಿಸಿ. ‘ಇನ್ನೆರಡು ಗೊನೆ’ ಎಂಬ ಆಸೆ ಬೇಡ. ಜಗಳೂರಿನ ಬಯಲಿನಲ್ಲಿ ಕುರಿ ಕಾಯುವವರು ಒಂಟಿ ಮರದಡಿ ನಿಲ್ಲಬಾರದು. ಎಲ್ಲರೂ ಗಟ್ಟಿ ಕಟ್ಟಡ ಸೇರಿ, ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆದ ಮೇಲೆಯೇ ಹೊರಡಬೇಕು.

ಸಿಡಿಲು ತಾಗಿ ಬಿದ್ದವರನ್ನು ಮುಟ್ಟಲು ಅಂಜಬೇಡಿ; ಅವರ ಮೈಯಲ್ಲಿ ವಿದ್ಯುತ್ತು ಉಳಿದಿರುವುದಿಲ್ಲ. ಉಸಿರು ನಿಂತಿದ್ದರೆ ತಡಮಾಡದೆ ಎದೆ ಒತ್ತುತ್ತಿರಿ. 108ಕ್ಕೆ ಕರೆ ಮಾಡಿಸಿ.

ಮಿಂಚು, ಗುಡುಗು ಎರಡೂ ಮುನ್ಸೂಚನೆ. ಮೂರನೆಯದಕ್ಕೆ ಕಾಯಬೇಡಿ.

— ಕಾರ್ಯದರ್ಶಿ