ಆರು ತಿಂಗಳು ಕಳೆದರೆ ಪರಿಹಾರ ತಪ್ಪಿಹೋಗುತ್ತದೆಯೇ?

ಪ್ರಶ್ನೆ: ರಸ್ತೆ ದಾಟುತ್ತಿದ್ದ ನಮ್ಮ ತಂದೆಗೆ ಎಂಟು ತಿಂಗಳ ಹಿಂದೆ ಬೈಕ್ ಡಿಕ್ಕಿ ಹೊಡೆದು ತೊಡೆಯ ಮೂಳೆ ಮುರಿಯಿತು. ಪೊಲೀಸ್ ಕೇಸ್ ಆಗಿದೆ. ಆಸ್ಪತ್ರೆ ಓಡಾಟದಲ್ಲಿ ಪರಿಹಾರದ ಅರ್ಜಿ ಹಾಕಲಾಗಲಿಲ್ಲ. ಈಗ ಅವಧಿ ಮುಗಿದಿದೆ ಅನ್ನುತ್ತಾರೆ. ಓಡಿಸಿದ ಹುಡುಗನಿಗೆ ಲೈಸೆನ್ಸ್ ಇಲ್ಲ. ಆರ್‌ಸಿಯಲ್ಲಿ ಹೆಸರಿರುವವರು ‘ಗಾಡಿ ಯಾವತ್ತೋ ಮಾರಿದೆ’ ಅನ್ನುತ್ತಾರೆ. ನಾವು ಯಾರನ್ನು ಕೇಳಬೇಕು?
– ಒಬ್ಬ ಓದುಗರು, ತುಮಕೂರು ಜಿಲ್ಲೆ

ಉತ್ತರ: ಆಸೆ ಬಿಡಬೇಡಿ, ಆದರೆ ಇನ್ನೊಂದು ವಾರವನ್ನೂ ಕಳೆಯಬೇಡಿ.

ಮೋಟಾರು ವಾಹನ ಕಾಯ್ದೆಯ 166(3)ನೇ ಕಲಮಿನ ಪ್ರಕಾರ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. 1988ರ ಮೂಲ ಕಾಯ್ದೆಯಲ್ಲೂ ಇಂಥ ಗಡುವಿತ್ತು. 1994ರ ತಿದ್ದುಪಡಿ ಅದನ್ನು ತೆಗೆದುಹಾಕಿತು. 2019ರ ತಿದ್ದುಪಡಿ ಮತ್ತೆ ತಂದಿತು, 2022ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ಕಾಲು ಮುರಿದು ಮಲಗಿದವರ ಮನೆಯಲ್ಲಿ ಮೊದಲ ಆರು ತಿಂಗಳು ಹೇಗೆ ಕಳೆಯುತ್ತದೆಂದು ಬಲ್ಲವರಾರೂ ಈ ಗಡುವನ್ನು ನ್ಯಾಯವೆನ್ನಲಾರರು. ಇದರ ಸಿಂಧುತ್ವವೇ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆಗೊಳಗಾಗಿದೆ. ಆ ಪ್ರಕರಣ ಮುಗಿಯುವವರೆಗೆ, ಅವಧಿ ಮೀರಿದೆ ಎಂಬ ಒಂದೇ ಕಾರಣಕ್ಕೆ ಅರ್ಜಿಗಳನ್ನು ವಜಾ ಮಾಡಬಾರದೆಂದು 2025ರ ನವೆಂಬರ್‌ನಲ್ಲಿ ಮಧ್ಯಂತರ ಆದೇಶವಾಗಿದೆ. ಅದು ಅಂತಿಮ ತೀರ್ಪಲ್ಲ. ಅವಸರ ಮಾಡಿ ಎಂದದ್ದು ಅದಕ್ಕೇ.

ಇನ್ನೊಂದು ದಾರಿಯೂ ಇದೆ, ಅದು ಬಹಳ ಜನಕ್ಕೆ ಗೊತ್ತಿಲ್ಲ. ಅಪಘಾತದ ವಿವರವಾದ ವರದಿಯನ್ನು ಪೊಲೀಸರು 90 ದಿನಗಳೊಳಗೆ ಪರಿಹಾರ ನ್ಯಾಯಮಂಡಳಿಗೆ ಕಳಿಸಬೇಕು. 166(4)ನೇ ಕಲಮಿನಂತೆ ಆ ವರದಿಯನ್ನೇ ನ್ಯಾಯಮಂಡಳಿ ಪರಿಹಾರದ ಅರ್ಜಿಯೆಂದು ಪರಿಗಣಿಸಬೇಕು. ವರದಿ ಹೋಗಿದೆಯೇ, ಯಾವ ತಾರೀಕಿಗೆ ಹೋಯಿತು ಎಂದು ಠಾಣೆಯಲ್ಲಿ ವಿಚಾರಿಸಿ ಪ್ರತಿ ಪಡೆಯಿರಿ.

ಇನ್ನು ಹೊಣೆಯ ಮಾತು. ಅರ್ಜಿಯಲ್ಲಿ ಆರ್‌ಸಿ ಮಾಲೀಕರನ್ನೂ ವಿಮಾ ಕಂಪನಿಯನ್ನೂ ಎದುರುದಾರರನ್ನಾಗಿ ಮಾಡಿ, ಓಡಿಸಿದವನನ್ನೂ ಸೇರಿಸಿ. ಗಾಡಿ ಮಾರಿದ್ದರೂ ಆರ್‌ಸಿಯಲ್ಲಿ ಹೆಸರು ಬದಲಾಗದಿದ್ದರೆ ಹೊಣೆ ಹಳೆಯ ಮಾಲೀಕರದ್ದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಲೈಸೆನ್ಸ್ ಇಲ್ಲ ಅನ್ನುವುದಕ್ಕೂ ಹೆದರಬೇಡಿ. ನಡೆದು ಹೋಗುತ್ತಿದ್ದ ನಿಮ್ಮ ತಂದೆ ವಿಮೆಯ ಕಣ್ಣಿನಲ್ಲಿ ಮೂರನೆಯವರು. ಇಂಥ ಪ್ರಕರಣಗಳಲ್ಲಿ ಕಂಪನಿ ಮೊದಲು ಗಾಯಾಳುವಿಗೆ ಹಣ ಕೊಡಲಿ, ಆಮೇಲೆ ಮಾಲೀಕರಿಂದ ವಸೂಲು ಮಾಡಿಕೊಳ್ಳಲಿ ಎಂದು ನ್ಯಾಯಾಲಯಗಳು ಆದೇಶಿಸುತ್ತ ಬಂದಿವೆ. ಗಾಡಿಗೆ ವಿಮೆಯೇ ಇಲ್ಲದಿದ್ದರೆ ಮಾತ್ರ ಕಷ್ಟ. ಆಗ ಹಣ ಮಾಲೀಕರು ಮತ್ತು ಸವಾರನ ಕೈಯಿಂದಲೇ ಬರಬೇಕು. ಹಾಗಾಗಿ ಪಾಲಿಸಿಯ ಪ್ರತಿಯನ್ನು ಮೊದಲು ಹುಡುಕಿ.

ಅಪಘಾತ ಬೇರೆ ಜಿಲ್ಲೆಯಲ್ಲಿ ಆಗಿದ್ದರೂ ನೀವು ವಾಸವಿರುವ ಊರಿನ ವ್ಯಾಪ್ತಿಯ ನ್ಯಾಯಮಂಡಳಿಯಲ್ಲೇ ಅರ್ಜಿ ಹಾಕಬಹುದು. ಎಫ್‌ಐಆರ್, ಗಾಯದ ಪ್ರಮಾಣಪತ್ರ, ಡಿಸ್ಚಾರ್ಜ್ ಸಮ್ಮರಿ, ಔಷಧಿ ಅಂಗಡಿಯ ಬಿಲ್ಲುಗಳು, ತಂದೆಯ ದುಡಿಮೆ ತೋರಿಸುವ ಯಾವುದೇ ದಾಖಲೆ ಇದ್ದರೆ ವಕೀಲರು ಕೆಲಸ ಶುರುಮಾಡಬಲ್ಲರು. ಅಂಗವೈಕಲ್ಯ ಎಷ್ಟೆಂದು ವೈದ್ಯರು ಆಮೇಲೆ ಸಾಕ್ಷಿ ಹೇಳಬಹುದು. ಅದಕ್ಕಾಗಿ ಅರ್ಜಿಯನ್ನು ತಡೆಹಿಡಿಯಬೇಡಿ.